ನೇಯ್ದ ಕೈ, ಒಗೆದ ಕೈ: ಗಡಿನಾಡಿನ ನಿತ್ಯದ ಉಡುಪಿನ ಚರಿತ್ರೆ

ವಚನಕಾರರ ಸಾಲಿನಲ್ಲಿ ಜೇಡರ ದಾಸಿಮಯ್ಯನವರೂ ಇದ್ದಾರೆ, ಮಡಿವಾಳ ಮಾಚಯ್ಯನವರೂ ಇದ್ದಾರೆ. ಒಬ್ಬರು ಮುದನೂರಿನ ನೇಕಾರರು. ಮತ್ತೊಬ್ಬರು ಹಿಪ್ಪರಗಿಯಿಂದ ಕಲ್ಯಾಣಕ್ಕೆ ಬಂದು ಶರಣರ ಬಟ್ಟೆಗಳನ್ನು ಮಡಿ ಮಾಡಿದವರೆಂದು ಪರಂಪರೆ ಹೇಳುತ್ತದೆ. ಬಟ್ಟೆಯೊಂದು ಮನುಷ್ಯನ ಮೈಮೇಲೆ ಮರ್ಯಾದೆಯಿಂದ ನಿಲ್ಲಬೇಕಾದರೆ ಈ ಎರಡು ಕಾಯಕಗಳೂ ಬೇಕು. ನೇಯ್ಗೆ ಒಮ್ಮೆ ನಡೆದು ಮುಗಿಯುತ್ತದೆ. ಒಗೆತ ಆ ಬಟ್ಟೆ ಹರಿದು ಚಿಂದಿಯಾಗುವವರೆಗೂ ನಡೆಯುತ್ತಲೇ ಇರುತ್ತದೆ. ಹೀಗಿದ್ದರೂ ನಮ್ಮ ಜವಳಿಯ ಚರಿತ್ರೆಯನ್ನು ತೆರೆದು ನೋಡಿದರೆ ಗಿರಣಿ, ಮಗ್ಗ, ಮಾಲೀಕ, ಕಾರ್ಮಿಕ, ಸುಂಕ, ಪೇಟೆ ಇವುಗಳ ವಿವರವೇ ತುಂಬಿಕೊಂಡಿದೆ. ಒಗೆದವರ ಲೆಕ್ಕ ಅದರಲ್ಲಿ ಕಾಣಸಿಗುವುದು ಅಪರೂಪ.

ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜ ಪರಿಸರದಲ್ಲಿ ನೆಲೆಸಿರುವ ಕನ್ನಡಿಗರಾದ ನಾವು ಬಟ್ಟೆಯ ನಾಡಿನಲ್ಲೇ ಬದುಕುತ್ತಿದ್ದೇವೆ. ಇಚಲಕರಂಜಿಯು ಲಕ್ಷಕ್ಕೂ ಮಿಗಿಲಾದ ಮಗ್ಗಗಳ ಊರು. ಅದರ ಹೆಸರು ಬೆಳೆದದ್ದೇ ಧೋತರ, ಪಾಪ್ಲಿನ್, ಕ್ಯಾಂಬ್ರಿಕ್, ಮಲಮಲ್ ಮುಂತಾದ ಹತ್ತಿಯ ಬಟ್ಟೆಗಳಿಂದ. ಆದರೆ ಅದೇ ಊರಿನ ಬೀದಿಯಲ್ಲಿ ನಿಂತು ನೋಡಿದರೆ ಹಾದುಹೋಗುವವರ ಮೈಮೇಲೆ ಹೆಚ್ಚಾಗಿ ಕಾಣುವುದು ಪಾಲಿಯೆಸ್ಟರ್ ಸೀರೆ, ಟೆರಿಕಾಟ್ ಪ್ಯಾಂಟು, ಮಿಶ್ರ ನೂಲಿನ ಅಂಗಿ. ಹತ್ತಿ ನೇಯುವವರ ಮನೆಯೊಳಗೇ ಹತ್ತಿ ಹಿಂದೆ ಸರಿದದ್ದು ಹೇಗೆ? ಫ್ಯಾಶನ್ನಿನ ಮೋಹವೆಂದೋ, ಜಾಹೀರಾತಿನ ಮಾಯೆಯೆಂದೋ ಹೇಳಿ ಮುಗಿಸುವುದು ಸುಲಭ. ಈ ಬದಲಾವಣೆ ನಿಶ್ಚಯವಾದದ್ದು ಮುಖ್ಯವಾಗಿ ಒಗೆಯುವ ಕಲ್ಲಿನ ಬಳಿಯಲ್ಲಿ ಎಂಬುದು ನಮ್ಮ ಅಭಿಪ್ರಾಯ. ಇದನ್ನು ಮರೆತು ಹತ್ತಿಯನ್ನು ಹೊಗಳುವವರ ಮಾತು ಹತ್ತಿಗೂ ಉಪಕಾರ ಮಾಡದು, ಮನೆಯ ಹೆಂಗಸರಿಗೂ ನ್ಯಾಯ ಒದಗಿಸದು.

ಋತುವಿಗೆ ತಕ್ಕ ಉಡುಪು

ಈ ಸೀಮೆ ಕಲ್ಯಾಣದ ಚಾಲುಕ್ಯರ ಆಳ್ವಿಕೆಗೆ ಒಳಪಟ್ಟಿದ್ದ ಕಾಲದಲ್ಲಿ, 12ನೆಯ ಶತಮಾನದಲ್ಲಿ, ಮೂರನೆಯ ಸೋಮೇಶ್ವರನು ರಚಿಸಿದ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’. ಅರಸನ ಭೋಗಗಳನ್ನು ವಿವರಿಸುವ ಭಾಗದಲ್ಲಿ ವಸ್ತ್ರಕ್ಕೇ ಪ್ರತ್ಯೇಕ ಸ್ಥಾನವಿದೆ. ಬಟ್ಟೆಗೆ ಹೆಸರಾದ ಊರುಗಳನ್ನು ಹೇಳಿ, ಯಾವ ಋತುವಿನಲ್ಲಿ ಯಾವ ಬಟ್ಟೆ ಒಪ್ಪುತ್ತದೆ ಎಂಬುದನ್ನೂ ಅಲ್ಲಿ ಹೇಳಲಾಗಿದೆ: ಬೇಸಗೆಗೆ ತೆಳುವಾದ ಬಿಳಿಯ ವಸ್ತ್ರ, ಚಳಿಗೆ ಉಣ್ಣೆ. ಅದು ಅರಮನೆಯ ಮಾತು, ನಿಜ. ಆದರೂ ಬಟ್ಟೆಯನ್ನು ಹವೆಯ ಜೊತೆ ಹೊಂದಿಸಿ ನೋಡುವ ವಿವೇಕ ಈ ನೆಲಕ್ಕೆ ಹೊಸದಲ್ಲ ಎಂಬುದಕ್ಕೆ ಅದೊಂದು ಸಾಕ್ಷಿ.

ಜನಸಾಮಾನ್ಯರ ಮನೆಯಲ್ಲಿ ಆಯ್ಕೆ ಇಷ್ಟು ವಿಶಾಲವಾಗಿರಲಿಲ್ಲ. ನಿತ್ಯದ ಉಡುಪೆಂದರೆ ಹತ್ತಿ. ಮಳೆಗೂ ಚಳಿಗೂ ಕಂಬಳಿ. ಮದುವೆ ಮುಂಜಿಗಳಿಗೆ ರೇಷ್ಮೆಯ ಸೆರಗು. ನಮ್ಮ ಪೂರ್ವಕ್ಕೆ ಹರಡಿರುವ ಕಪ್ಪು ಎರೆಯ ಹೊಲಗಳು ಶತಮಾನಗಳಿಂದ ಹತ್ತಿಯ ತವರು. ಧಾರವಾಡ ಸೀಮೆಯ ದೇಸಿ ಹತ್ತಿಯನ್ನು ವ್ಯಾಪಾರಿಗಳು ‘ಕುಮಟಾ’ ಎಂದು ಕರೆಯುತ್ತಿದ್ದರು. ಆ ಹತ್ತಿ ಕುಮಟೆಯಲ್ಲಿ ಬೆಳೆದದ್ದಲ್ಲ. ಘಟ್ಟ ಇಳಿದು ಕುಮಟಾ ಬಂದರಿನಲ್ಲಿ ಹಡಗು ಏರುತ್ತಿದ್ದುದರಿಂದ ಬಂದ ಹೆಸರು ಅದು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿನ ಹತ್ತಿ ಇಂಗ್ಲೆಂಡಿಗೆ ತಲುಪದಾದಾಗ ಭಾರತದ ಹತ್ತಿಗೆ ಬಂಗಾರದ ಬೆಲೆ ಬಂತು. ಆದರೆ ಹತ್ತಿ ಹೊರಗೆ ಹೋಗಿ, ಅದರದೇ ಬಟ್ಟೆ ಮ್ಯಾಂಚೆಸ್ಟರಿನಿಂದ ನಮ್ಮ ಸಂತೆಗಳಿಗೆ ತಿರುಗಿ ಬಂದದ್ದರಿಂದ ಕೈಮಗ್ಗದ ನೇಕಾರನಿಗೆ ಕಷ್ಟಕಾಲವೂ ಬಂತು.

ಆದರೂ ನಮ್ಮ ಹೆಂಗಸರ ಉಡುಪಿನಲ್ಲಿ ಇಲಕಲ್ಲ ಸೀರೆ ಮತ್ತು ಗುಳೇದಗುಡ್ಡದ ಖಣ ಬಹುಕಾಲ ಉಳಿದುಕೊಂಡವು. ಇಲಕಲ್ಲ ಸೀರೆಯ ರಚನೆಯನ್ನೇ ಗಮನಿಸಿದರೆ ನೇಕಾರನ ಲೆಕ್ಕಾಚಾರ ತಿಳಿಯುತ್ತದೆ. ಮೈಗೆ ತಾಗುವ ಒಡಲಿಗೆ ಹತ್ತಿ, ನಾಲ್ಕು ಜನ ನೋಡುವ ಸೆರಗಿಗೆ ರೇಷ್ಮೆ. ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಎಳೆ ಎಳೆಯಾಗಿ ಕೊಂಡಿ ಹಾಕಿ ಜೋಡಿಸುತ್ತಾರೆ. ದುಡಿಯುವ ಮೈಗೆ ಬೇಕಾದದ್ದು ಒಂದು ನೂಲು, ಮನಸ್ಸಿಗೆ ಬೇಕಾದದ್ದು ಇನ್ನೊಂದು ಎಂಬ ತಿಳಿವಳಿಕೆ ಆ ಕೊಂಡಿಯಲ್ಲಿದೆ.

ಕಂಬಳಿಯದು ಬೇರೆಯೇ ಕಥೆ. ಹಾತಕಣಂಗಲೆ ತಾಲೂಕಿನ ಪಟ್ಟಣಕೊಡೋಲಿಯ ವಿಠ್ಠಲ-ಬೀರದೇವರ ಜಾತ್ರೆಗೆ ಕರ್ನಾಟಕ, ಮಹಾರಾಷ್ಟ್ರ ಎರಡೂ ಕಡೆಯ ಕುರುಬರು, ಧನಗರರು ಇಂದಿಗೂ ಹೆಗಲ ಮೇಲೆ ಕಂಬಳಿ ಹಾಕಿಕೊಂಡೇ ಬರುತ್ತಾರೆ. ದಖ್ಖನಿ ಕುರಿಯ ಒರಟು ಉಣ್ಣೆ ಒದ್ದೆಯಾದರೂ ಬೆಚ್ಚಗಿಡುತ್ತದೆ. ಮಳೆಗಾಲದಲ್ಲಿ ಗೊಪ್ಪೆಯಾಗಿ ತಲೆಯ ಮೇಲೆ, ರಾತ್ರಿ ಹಾಸಿಗೆಯಾಗಿ ಮೈಕೆಳಗೆ, ಸಂತೆಯಲ್ಲಿ ಧಾನ್ಯದ ರಾಶಿಗೆ ಹಾಸಾಗಿ ಒಂದೇ ಕಂಬಳಿ ಸೇವೆ ಸಲ್ಲಿಸುತ್ತಿತ್ತು. ಆ ಗೊಪ್ಪೆಯ ಜಾಗಕ್ಕೆ ಪ್ಲಾಸ್ಟಿಕ್ಕಿನ ಹಾಳೆ ಬಂದದ್ದನ್ನು ನಮ್ಮ ತಲೆಮಾರಿನವರೇ ಕಂಡಿದ್ದೇವೆ.

ಜಹಗೀರಿನ ಊರಿಗೆ ಮಗ್ಗ ಬಂತು

ಪಂಚಗಂಗೆಯ ದಡದ ಇಚಲಕರಂಜಿಯು ಘೋರ್ಪಡೆ ಮನೆತನದ ಜಹಗೀರು. ನಾರಾಯಣರಾವ್ ಬಾಬಾಸಾಹೇಬ ಘೋರ್ಪಡೆಯವರ ಕಾಲದಲ್ಲಿ, 1904ರಲ್ಲಿ, ವಿಠ್ಠಲರಾವ್ ದಾತಾರರು ಅಲ್ಲಿ ಮೊದಲ ಯಂತ್ರಮಗ್ಗವನ್ನು ಸ್ಥಾಪಿಸಿದರು. ಬಾಬಾಸಾಹೇಬರ ಪ್ರೋತ್ಸಾಹದಿಂದ ನೇಯ್ಗೆ ಬೆಳೆಯಿತು. ಅತ್ತ ಕೊಲ್ಹಾಪುರದಲ್ಲಿ ಶಾಹೂ ಮಹಾರಾಜರ ಮುಂದಾಳ್ತನದಲ್ಲಿ 1906ರಲ್ಲಿ ನೂಲುವ ಮತ್ತು ನೇಯುವ ಗಿರಣಿಗೆ ನಾಂದಿಯಾಯಿತು. ಬಂಗಾಳದ ವಿಭಜನೆಯ ನಂತರ ಸ್ವದೇಶಿ ಚಳವಳಿ ಕಾವೇರಿದ್ದ ದಿನಗಳವು. ತಮ್ಮ ಸೀಮೆಯ ಜನ ಉಡುವ ಬಟ್ಟೆ ತಮ್ಮ ಸೀಮೆಯಲ್ಲೇ ಆಗಬೇಕೆಂಬ ಹಂಬಲ ಸಂಸ್ಥಾನಗಳಲ್ಲೂ ಹಬ್ಬಿತ್ತು.

ಮಗ್ಗ ಹೆಚ್ಚಿದಂತೆ ಕೈಗಳು ಬೇಕಾದವು. ಆಗಿನ ಸಾಂಗಲಿ ಸಂಸ್ಥಾನದ ರಬಕವಿ, ತೇರದಾಳ, ಜಮಖಂಡಿ ಸಂಸ್ಥಾನದ ಬನಹಟ್ಟಿ, ಅದರಾಚೆಯ ಊರುಗಳಲ್ಲಿ ತಲೆತಲಾಂತರದಿಂದ ನೇಯ್ಗೆ ಬಲ್ಲ ಮನೆತನಗಳಿದ್ದವು. ಅಂಥ ಕಡೆಗಳಿಂದ ಕೆಲಸ ಅರಸಿ ಬಂದ ಕುಟುಂಬಗಳಿಂದ ಇಚಲಕರಂಜಿಯ ಮಗ್ಗದ ಓಣಿಗಳಲ್ಲಿ ಕನ್ನಡ ಮಾತು ನೆಲೆನಿಂತಿತು. ಮಗ್ಗದ ಮುಂದೆ ಭಾಷೆಯ ಗಡಿಯಿರಲಿಲ್ಲ. ಒಂದೇ ಷೆಡ್ಡಿನಲ್ಲಿ ಹಾಸಿನ ಎಳೆಯನ್ನು ಕನ್ನಡಿಗ ಕಟ್ಟಿದರೆ ಹೊಕ್ಕಿನ ಲಾಳಿಯನ್ನು ಮರಾಠಿಗ ಬದಲಿಸುತ್ತಿದ್ದ. 1956ರ ಭಾಷಾವಾರು ಪುನರ್ವಿಂಗಡಣೆಯ ನಂತರ ಬನಹಟ್ಟಿ ಒಂದು ರಾಜ್ಯಕ್ಕೂ ಇಚಲಕರಂಜಿ ಇನ್ನೊಂದು ರಾಜ್ಯಕ್ಕೂ ಸೇರಿದವು. ಆದರೆ ನೂಲು, ನೆಂಟಸ್ತನ, ಮದುವೆಯ ಜವಳಿ ಇವು ಗಡಿಯನ್ನು ದಾಟುವುದು ನಿಲ್ಲಲಿಲ್ಲ.

ಇದೇ ಹೊತ್ತಿಗೆ ಖಾದಿಯ ಕರೆಯೂ ಈ ಸೀಮೆಗೆ ಮುಟ್ಟಿತು. 1924ರ ಡಿಸೆಂಬರಿನಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯಲ್ಲಿ ನಡೆದ ಕಾಂಗ್ರೆಸ್ ಅಧಿವೇಶನವು ಸದಸ್ಯತ್ವಕ್ಕೆ ಹಣದ ಬದಲು ತಿಂಗಳಿಗೆ 2,000 ಗಜ ನೂಲನ್ನು ನಿಯಮವಾಗಿ ಒಪ್ಪಿತು. ಬಟ್ಟೆ ಅಂದು ರಾಜಕೀಯದ ಕೇಂದ್ರಕ್ಕೆ ಬಂದಿತ್ತು. ಖಾದಿ ಸ್ವಾಭಿಮಾನವನ್ನೂ, ಬಡವರ ಕೈಗೆ ಕೆಲಸವನ್ನೂ ಕೊಟ್ಟಿತು. ಇದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಆ ದಪ್ಪ ಖಾದಿಯ ಸೀರೆಯನ್ನು ನೀರಿನಲ್ಲಿ ಅದ್ದಿ, ಬಡಿದು, ಹಿಂಡಿ ಹರವಿದವರ ತೋಳಿನ ನೋವಿಗೆ ನಿರ್ಣಯಗಳಲ್ಲಿ ಜಾಗವಿರಲಿಲ್ಲ.

ಎರಡನೆಯ ಮಹಾಯುದ್ಧದಲ್ಲಿ ಗಿರಣಿಗಳು ಸೈನ್ಯಕ್ಕೆ ಬಟ್ಟೆ ಒದಗಿಸತೊಡಗಿ ಜನರ ಪಾಲಿನ ಬಟ್ಟೆ ಕಡಿಮೆಯಾಯಿತು. 1943ರಲ್ಲಿ ಹತ್ತಿಯ ಬಟ್ಟೆ ಮತ್ತು ನೂಲಿನ ನಿಯಂತ್ರಣಕ್ಕೆ ಆಜ್ಞೆ ಹೊರಟಿತು. ಒಂದೇ ಸೀರೆಯನ್ನು ಉಟ್ಟು, ಅದನ್ನೇ ಒಗೆದು, ಒಣಗುವವರೆಗೆ ಮನೆಯೊಳಗೆ ಕಾದವರ ನೆನಪುಗಳು ಹಿರಿಯರ ಮಾತಿನಲ್ಲಿ ಬಹುಕಾಲ ಉಳಿದಿದ್ದವು. ಬಟ್ಟೆ ಬಾಳಿಕೆ ಬರಬೇಕು, ಬೇಗ ಒಣಗಬೇಕು ಎಂಬ ಆಸೆ ಶೋಕಿಯಿಂದ ಹುಟ್ಟಿದ್ದಲ್ಲ. ಇಂಥ ಕೊರತೆಯ ದಿನಗಳಲ್ಲಿ ಹುಟ್ಟಿದ್ದು.

ಕೃತಕ ನೂಲು ಬಂದ ದಾರಿ

ಕೃತಕ ನೂಲು ಎಂದೊಡನೆ ಎಲ್ಲವನ್ನೂ ಒಂದೇ ಗಂಟಿಗೆ ಕಟ್ಟುವುದು ರೂಢಿ. ಆದರೆ ಇದರಲ್ಲಿ ಎರಡು ಕುಲಗಳಿವೆ. ಮೊದಲನೆಯದು ರೇಯಾನ್. 1892ರಲ್ಲಿ ಇಂಗ್ಲೆಂಡಿನಲ್ಲಿ ಪೇಟೆಂಟ್ ಪಡೆದ ವಿಸ್ಕೋಸ್ ವಿಧಾನದಿಂದ ಇದನ್ನು ತಯಾರಿಸುತ್ತಾರೆ. ಇದರ ಮೂಲದ್ರವ್ಯ ಮರದ ತಿರುಳು. ನೂಲಾಗಿಸುವ ಕ್ರಿಯೆ ಮಾತ್ರ ರಾಸಾಯನಿಕ. ಎರಡನೆಯ ಕುಲದಲ್ಲಿ ನೈಲಾನ್, ಪಾಲಿಯೆಸ್ಟರ್‌ಗಳು ಬರುತ್ತವೆ. ಇವುಗಳ ಮೂಲ ಕಲ್ಲಿದ್ದಲು, ಪೆಟ್ರೋಲಿಯಂಗಳಿಂದ ಬರುವ ರಾಸಾಯನಿಕಗಳು. ನೈಲಾನನ್ನು ಅಮೆರಿಕದಲ್ಲಿ ವಾಲೇಸ್ ಕರೋದರ್ಸ್ 1935ರಲ್ಲಿ ರೂಪಿಸಿದರು. ಪಾಲಿಯೆಸ್ಟರ್ ನೂಲನ್ನು 1941ರಲ್ಲಿ ವಿನ್‌ಫೀಲ್ಡ್ ಮತ್ತು ಡಿಕ್ಸನ್ ಎಂಬ ಇಂಗ್ಲಿಷ್ ವಿಜ್ಞಾನಿಗಳು ಕಂಡುಹಿಡಿದರು. ಅವರು ಕೆಲಸ ಮಾಡುತ್ತಿದ್ದುದು ಹತ್ತಿಯ ಬಟ್ಟೆಗೆ ಬಣ್ಣ ಮುದ್ರಿಸುವ ಮ್ಯಾಂಚೆಸ್ಟರಿನ ಸಂಸ್ಥೆಯಲ್ಲಿ. ಒಂದು ಕಾಲಕ್ಕೆ ನಮ್ಮ ಕೈಮಗ್ಗದ ಹೊಟ್ಟೆಗೆ ಹೊಡೆದ ಹತ್ತಿಯ ರಾಜಧಾನಿಯ ನೆರಳಿನಲ್ಲೇ ಹತ್ತಿಯ ಪ್ರತಿಸ್ಪರ್ಧಿ ಹುಟ್ಟಿತು.

ನಮ್ಮ ಮನೆಗಳಿಗೆ ಮೊದಲು ಕಾಲಿಟ್ಟದ್ದು ರೇಯಾನ್. ರೇಷ್ಮೆಯಂತೆ ಮಿರುಗುವ, ರೇಷ್ಮೆಗಿಂತ ಬಹಳ ಅಗ್ಗವಾದ ಈ ನೂಲು ಸ್ವಾತಂತ್ರ್ಯಕ್ಕೆ ಮೊದಲೇ ಜಪಾನು, ಇಟಲಿಗಳಿಂದ ಬರುತ್ತಿತ್ತು. ಇಲಕಲ್ಲ ಸೀಮೆಯ ನೇಕಾರರು ಇದಕ್ಕೆ ‘ಚಮಕಾ’ ಎಂದು ಹೆಸರಿಟ್ಟು ಸೀರೆಯೊಳಕ್ಕೆ ಸೇರಿಸಿಕೊಂಡರು. ರೇಷ್ಮೆ ಕೊಳ್ಳಲಾಗದ ತಾಯಿಯೂ ಮಗಳ ಮದುವೆಗೆ ಮಿರುಗುವ ಸೀರೆ ತರುವಂತಾಯಿತು. ಹೀಗೆ ಕೃತಕ ನೂಲನ್ನು ನಮ್ಮಲ್ಲಿಗೆ ಕರೆತಂದವರಲ್ಲಿ ಕೈಮಗ್ಗದ ನೇಕಾರರೂ ಸೇರಿದ್ದರೆಂಬುದನ್ನು ನೆನಪಿಡಬೇಕು.

ಆಮೇಲೆ ಬಂತು ಟೆರಿಲಿನ್. 1960ರ ದಶಕದಲ್ಲಿ ಥಾಣೆಯಲ್ಲಿ ಪಾಲಿಯೆಸ್ಟರ್ ನೂಲಿನ ಉತ್ಪಾದನೆ ಶುರುವಾಯಿತು. ಮೊದಮೊದಲು ಅದು ಸಿರಿವಂತರ ಸೊತ್ತು. ಮೇಲೆ ಭಾರಿ ತೆರಿಗೆ. ಅಳಿಯನಿಗೆ ಟೆರಿಲಿನ್ ಅಂಗಿ ಹೊಲಿಸುವುದು ಬೀಗತನದ ಗೌರವವೆನಿಸಿತ್ತು. ಇಂದು ಅಗ್ಗದ ಬಟ್ಟೆಯೆಂದು ಮೂಗು ಮುರಿಯುವ ಪಾಲಿಯೆಸ್ಟರ್ ಅಂದು ಕಪಾಟಿನಲ್ಲಿ ಬೀಗ ಹಾಕಿಡುವ ಬಟ್ಟೆಯಾಗಿತ್ತು. ಹತ್ತಿಯೊಡನೆ ಬೆರೆಸಿದ ಟೆರಿಕಾಟ್ ಬಂದ ಮೇಲೆ ಗುಮಾಸ್ತರು, ಶಿಕ್ಷಕರು, ಬಸ್ ಕಂಡಕ್ಟರರು, ಶಾಲೆಯ ಮಕ್ಕಳು ಎಲ್ಲರೂ ಆ ಕಡೆ ತಿರುಗಿದರು.

1982ರ ಜನವರಿ 18ರಂದು ಮುಂಬಯಿಯ ಗಿರಣಿಗಳಲ್ಲಿ ದತ್ತಾ ಸಾಮಂತರ ನೇತೃತ್ವದ ಮುಷ್ಕರ ಆರಂಭವಾಯಿತು. ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಭಾಗವಹಿಸಿದ ಆ ಮುಷ್ಕರದ ನಂತರ ಅನೇಕ ಗಿರಣಿಗಳು ಮತ್ತೆ ತಲೆ ಎತ್ತಲಿಲ್ಲ. ಗಿರಣಿ ಬಿಟ್ಟುಕೊಟ್ಟ ಪೇಟೆಯನ್ನು ಭಿವಂಡಿ, ಮಾಲೆಗಾಂವ, ಇಚಲಕರಂಜಿಗಳ ಮಗ್ಗಗಳು ತುಂಬಿದವು. 1985ರಲ್ಲಿ ಕೇಂದ್ರ ಸರ್ಕಾರವು ಹೊಸ ಜವಳಿ ನೀತಿಯನ್ನು ಪ್ರಕಟಿಸಿ, ಹತ್ತಿ ಹಾಗೂ ಕೃತಕ ನೂಲುಗಳನ್ನು ಬಳಸುವುದರಲ್ಲಿ ಉದ್ಯಮಕ್ಕೆ ಹೆಚ್ಚಿನ ಸ್ವಾತಂತ್ರ್ಯ ಕೊಟ್ಟಿತು. ಕೃತಕ ನೂಲಿನ ಬೆಲೆ ಇಳಿಯತೊಡಗಿತು. ಸೂರತ್ತಿನ ಮಗ್ಗಗಳಿಂದ ಹೊರಟ ಬಣ್ಣಬಣ್ಣದ ಸೀರೆಗಳು ಕೊಲ್ಹಾಪುರದ ಮಹಾದ್ವಾರ ರಸ್ತೆಯಿಂದ ಹಿಡಿದು ಗಡಹಿಂಗ್ಲಜದ ಸಂತೆಯವರೆಗೆ ಹರಡಿದವು. ಇಂದು ಜಗತ್ತಿನಲ್ಲಿ ತಯಾರಾಗುವ ಒಟ್ಟು ನಾರಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲಿಯೆಸ್ಟರೇ ಆಗಿದ್ದು, ಹತ್ತಿಯ ಪಾಲು ಸುಮಾರು ಐದರಲ್ಲಿ ಒಂದು ಭಾಗಕ್ಕೆ ಇಳಿದಿದೆ.

ಒಗೆಯುವ ಕಲ್ಲಿನ ಬಳಿ

ಈಗ ಮನೆಯೊಳಕ್ಕೆ ಬರೋಣ. ಹದಿನೆಂಟು ಮೊಳದ ಹತ್ತಿಯ ಸೀರೆ ನೀರು ಕುಡಿದರೆ ಎಷ್ಟು ಭಾರವಾಗುತ್ತದೆಂಬುದು ಅದನ್ನು ಎತ್ತಿದವರಿಗೇ ಗೊತ್ತು. ಅಂಟುವಾಳದ ನೊರೆಯಲ್ಲೋ ಚೌಳು ಮಣ್ಣಿನಲ್ಲೋ ನೆನೆಸಬೇಕು, ಕಲ್ಲಿಗೆ ಬಡಿಯಬೇಕು, ಇಬ್ಬರು ಎರಡು ತುದಿ ಹಿಡಿದು ಹಿಂಡಬೇಕು. ಗಂಡಸರ ಧೋತರಕ್ಕೆ ನೀಲಿ ಹಾಕಬೇಕು, ಗಂಜಿ ಕೊಡಬೇಕು. ಇದ್ದಿಲಿನ ಇಸ್ತ್ರಿಪೆಟ್ಟಿಗೆಯ ಕಿಡಿ ಹಾರದಂತೆ ನೋಡಿಕೊಳ್ಳಬೇಕು. ಹೊಳೆಗೆ ಹೋಗಿ ಬರುವ ದಾರಿಯ ನಡಿಗೆ ಬೇರೆ. ಮಳೆಗಾಲದಲ್ಲಿ ಈ ಎಲ್ಲ ಕಷ್ಟಕ್ಕೆ ಇನ್ನೊಂದು ಸೇರುತ್ತಿತ್ತು. ಸಹ್ಯಾದ್ರಿಯ ಮಗ್ಗುಲಿನ ಈ ಜಿಲ್ಲೆಯಲ್ಲಿ ಮಳೆ ಹಿಡಿದರೆ ಎಂಟೆಂಟು ದಿನ ಬಿಸಿಲು ಕಾಣುವುದಿಲ್ಲ. ಹತ್ತಿಯ ಬಟ್ಟೆ ಒಣಗದೆ ಮುಗ್ಗಲು ವಾಸನೆ ಹಿಡಿಯುತ್ತಿತ್ತು. ಒಲೆಯ ಮೇಲೆ ಕಟ್ಟಿದ ಗಳದಲ್ಲಿ ಹೊಗೆ ಕುಡಿಯುತ್ತ ನೇತಾಡುವ ಬಟ್ಟೆಗಳ ಕೆಳಗೇ ಅಡಿಗೆ ನಡೆಯುತ್ತಿತ್ತು.

ಇಂಥ ಮನೆಗೆ ನೈಲಾನ್ ಸೀರೆ, ಆಮೇಲೆ ಪಾಲಿಯೆಸ್ಟರ್ ಸೀರೆ ಬಂದಾಗ ಏನಾಯಿತೆಂಬುದನ್ನು ಊಹಿಸುವುದು ಕಷ್ಟವಲ್ಲ. ಬಕೆಟ್ಟಿನಲ್ಲಿ ಎರಡು ಸಲ ಅದ್ದಿ ಎತ್ತಿ ಝಾಡಿಸಿ ಹಾಕಿದರೆ ಮಳೆಯ ದಿನದಲ್ಲೂ ಬೆಳಗಾಗುವುದರೊಳಗೆ ಒಣಗಿರುತ್ತಿತ್ತು. ಗಂಜಿ ಬೇಡ, ಇಸ್ತ್ರಿ ಬೇಡ. ಬಣ್ಣ ಮಾಸುವುದಿಲ್ಲ. ಕಬ್ಬಿನ ಗದ್ದೆಯಲ್ಲಿ ರವದಿ ಎಳೆಯುವ ಹೆಣ್ಣುಮಗಳಿಗೆ ಬೇಗ ಹರಿಯದ ಸೀರೆಯೆಂದರೆ ವರ್ಷಕ್ಕೆ ಒಂದು ಸೀರೆಯ ಖರ್ಚು ಉಳಿದಂತೆ. ಪುಡಿ ಸಾಬೂನು ಸಾಮಾನ್ಯರ ಕೈಗೆಟುಕಿದ್ದೂ ಹೆಚ್ಚುಕಡಿಮೆ ಇದೇ ಕಾಲದಲ್ಲಿ. ನಿರ್ಮಾ ಹುಟ್ಟಿದ್ದು 1969ರಲ್ಲಿ. ಹೊಸ ನೂಲು, ಹೊಸ ಸಾಬೂನು ಎರಡೂ ಸೇರಿ ದಿನದಲ್ಲಿ ಒಂದು ಗಂಟೆಯನ್ನೋ ಎರಡು ಗಂಟೆಯನ್ನೋ ಹೆಂಗಸರ ಕೈಗೆ ಹಿಂದಿರುಗಿಸಿದವು. ಆ ಗಂಟೆಗಳಲ್ಲಿ ಕೆಲವರು ಕೂಲಿಗೆ ಹೋದರು, ಕೆಲವರು ಮಕ್ಕಳ ಪಾಠ ನೋಡಿದರು, ಕೆಲವರು ಬೆನ್ನು ನೆಲಕ್ಕೆ ಆನಿಸಿದರು. ಸ್ವದೇಶಿ, ಸಹಕಾರ, ಸುಧಾರಣೆ ಎಂದು ನಾವು ಹೆಮ್ಮೆಯಿಂದ ಬರೆಯುವ ಚರಿತ್ರೆಯಲ್ಲಿ ಈ ಬಿಡುವಿಗೂ ಒಂದು ಸಾಲು ಸಲ್ಲಬೇಕು.

ಆದ್ದರಿಂದ “ನಮ್ಮ ಹೆಂಗಸರು ಹತ್ತಿಯನ್ನು ಕೈಬಿಟ್ಟರು” ಎಂದು ವೇದಿಕೆಯ ಮೇಲೆ ಹೇಳುವವರಿಗೆ ನಮ್ಮ ಪ್ರಶ್ನೆ ಒಂದೇ: ಹತ್ತಿಯ ಬಟ್ಟೆ ಉಡುವವರೆಲ್ಲ ತಮ್ಮ ಬಟ್ಟೆಯನ್ನು ತಾವೇ ಒಗೆಯಬೇಕೆಂಬ ನಿಯಮವಿದ್ದಿದ್ದರೆ ಗಂಡಸರ ಹತ್ತಿಪ್ರೇಮ ಎಷ್ಟು ದಿನ ಉಳಿಯುತ್ತಿತ್ತು?

ಎರಡೂ ಕಡೆಯ ಬೆಲೆ

ಇಷ್ಟು ಹೇಳಿದ ಮೇಲೆ ಇನ್ನೊಂದು ಪಾರ್ಶ್ವವನ್ನೂ ನೋಡಲೇಬೇಕು. ಸಾಮಾನ್ಯ ಹವೆಯಲ್ಲಿ ನೂರು ಭಾರದ ಒಣ ಹತ್ತಿ ಎಂಟು ಭಾರಕ್ಕೂ ಮಿಕ್ಕು ತೇವವನ್ನು ತನ್ನೊಳಗೆ ಇಟ್ಟುಕೊಳ್ಳುತ್ತದೆ. ಉಣ್ಣೆ ಅದರ ಇಮ್ಮಡಿಯಷ್ಟು. ಪಾಲಿಯೆಸ್ಟರ್ ಅರ್ಧ ಭಾರವನ್ನೂ ಹಿಡಿಯುವುದಿಲ್ಲ. ಬೇಗ ಒಣಗುವ ಗುಣಕ್ಕೂ ಬೇಸಗೆಯಲ್ಲಿ ಬೆವರು ಹೀರದೆ ಮೈಗಂಟುವ ದೋಷಕ್ಕೂ ಕಾರಣ ಒಂದೇ. ಏಪ್ರಿಲ್, ಮೇ ತಿಂಗಳಲ್ಲಿ ಮಗ್ಗದ ಷೆಡ್ಡಿನೊಳಗೆ ಎಂಟು ಹತ್ತು ಗಂಟೆ ನಿಲ್ಲುವವರಿಗೆ, ಕಂಕುಳು ತೊಡೆಸಂದಿಗಳಲ್ಲಿ ಬೆವರುಸಾಲೆ ಏಳುವ ಮಕ್ಕಳಿಗೆ, ಬಾಣಂತಿಯರಿಗೆ ಈ ದೋಷ ಸಣ್ಣದಲ್ಲ.

ಬೆಂಕಿಯ ಮಾತು ಇದಕ್ಕಿಂತ ಗಂಭೀರವಾದದ್ದು. ಹತ್ತಿಯೂ ಹೊತ್ತಿ ಉರಿಯುತ್ತದೆ. ಅದು ನಿರಪಾಯವೆಂದು ಯಾರೂ ತಿಳಿಯಬಾರದು. ಆದರೆ ಪಾಲಿಯೆಸ್ಟರ್, ನೈಲಾನ್‌ಗಳು ಕರಗಿ ಚರ್ಮಕ್ಕೆ ಅಂಟಿಕೊಂಡು ಗಾಯವನ್ನು ಆಳವಾಗಿಸುತ್ತವೆ. ಒಲೆಯ ಮುಂದೆ, ದೀಪದ ಬಳಿ, ಪಟಾಕಿಯ ದಿನ ಯಾವ ಬಟ್ಟೆ ಉಡಬೇಕೆಂಬುದು ಅಭಿರುಚಿಯ ಪ್ರಶ್ನೆಯಾಗಿ ಉಳಿಯುವುದಿಲ್ಲ. ಬಟ್ಟೆ ಯಾವುದೆಂದು ತಿಳಿಯಲು ಅಂಚಿನ ಒಂದು ಎಳೆಯನ್ನು ಕಿತ್ತು, ಚಿಮಟದಲ್ಲಿ ಹಿಡಿದು ಸುಟ್ಟು ನೋಡುವ ಹಳೆಯ ಉಪಾಯವಿದೆ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು ಮೆತ್ತನೆಯ ಬೂದಿ ಉದುರುತ್ತದೆ; ರೇಷ್ಮೆ, ಉಣ್ಣೆಗಳಾದರೆ ಕೂದಲು ಸುಟ್ಟ ವಾಸನೆ; ಪಾಲಿಯೆಸ್ಟರಾದರೆ ಮುದುಡಿ ಕರಗಿ ತುದಿಯಲ್ಲಿ ಗಟ್ಟಿ ಗುಂಡಾಗುತ್ತದೆ.

ಬಟ್ಟೆ ಹಳತಾದ ಮೇಲಿನ ಬದುಕನ್ನೂ ಎಣಿಸಬೇಕು. ಹತ್ತಿಯ ಸೀರೆ ಸವೆದಷ್ಟೂ ಮೆತ್ತಗಾಗುತ್ತಿತ್ತು. ಆಗ ಅದು ಕೌದಿಯಾಗುತ್ತಿತ್ತು, ಕೂಸಿನ ಬಟ್ಟೆಯಾಗುತ್ತಿತ್ತು, ಅಡಿಗೆಮನೆಯ ಮಸಿಬಟ್ಟೆಯಾಗುತ್ತಿತ್ತು, ಕೊನೆಗೆ ದೀಪದ ಬತ್ತಿಯಾಗಿ ಬೂದಿಯಾಗುತ್ತಿತ್ತು. ಅಜ್ಜಿಯ ಸೀರೆ, ತಾಯಿಯ ಕುಪ್ಪಸದ ತುಂಡು ಸೇರಿಸಿ ಹೊಲಿದ ಕೌದಿಯ ಮೇಲೆ ಮೊಮ್ಮಗ ಮಲಗುತ್ತಿದ್ದ. ಪಾಲಿಯೆಸ್ಟರ್ ಸೀರೆಗೆ ಈ ಎರಡನೆಯ ಜನ್ಮ ಸುಲಭವಲ್ಲ. ಅದು ನೀರು ಹೀರದು, ಮಣ್ಣಿನಲ್ಲಿ ಕೊಳೆಯದು. ತೊಳೆದಾಗಲೆಲ್ಲ ಅದರಿಂದ ಕಣ್ಣಿಗೆ ಕಾಣದ ಎಳೆಗಳು ಬಿಚ್ಚಿ ನೀರಿನೊಡನೆ ಹೋಗುತ್ತವೆ. ನಮ್ಮ ಹೊಳೆಗಳ ದಾರಿಯನ್ನು ನೆನೆಯಿರಿ: ಗಡಹಿಂಗ್ಲಜದ ಹಿರಣ್ಯಕೇಶಿ ಸಂಕೇಶ್ವರವನ್ನು ದಾಟಿ ಘಟಪ್ರಭೆಯನ್ನು ಸೇರುತ್ತದೆ, ಪಂಚಗಂಗೆ ನರಸೋಬಾವಾಡಿಯಲ್ಲಿ ಕೃಷ್ಣೆಯನ್ನು ಕೂಡುತ್ತದೆ. ಇಲ್ಲಿ ಒಗೆದ ನೀರನ್ನು ಅಲ್ಲಿ ನಮ್ಮವರೇ ಕುಡಿಯುತ್ತಾರೆ.

ಹಾಗೆಂದು ಹತ್ತಿಯನ್ನು ನಿರ್ದೋಷಿಯೆಂದು ಸಾರಲಾಗದು. 1972ರಲ್ಲಿ ಧಾರವಾಡದಲ್ಲಿ ಡಾ. ಬಿ. ಎಚ್. ಕಟರಕಿಯವರು ರೂಪಿಸಿದ ‘ವರಲಕ್ಷ್ಮಿ’ ಸಂಕರ ಹತ್ತಿ ಉದ್ದನೆಯ ನಾರನ್ನೂ ಹೆಚ್ಚಿನ ಇಳುವರಿಯನ್ನೂ ತಂದಿತು. ಸಂಕರ ತಳಿಗಳ ಜೊತೆ ಗೊಬ್ಬರ, ಕೀಟನಾಶಕಗಳ ಖರ್ಚೂ ಏರಿತು. 2002ರಲ್ಲಿ ಬಿಟಿ ಹತ್ತಿಗೆ ಅನುಮತಿ ದೊರೆತು, ದೇಶದ ಹತ್ತಿಯ ಹೊಲಗಳಲ್ಲಿ ಬಹುಪಾಲು ಅದೇ ತುಂಬಿತು. ಹತ್ತಿಯ ಬಟ್ಟೆಗೆ ಬಣ್ಣ ಹಾಕಲು, ಬಿಳುಪು ಮಾಡಲು ಬೇಕಾಗುವ ನೀರೂ ಅಪಾರ. ಪಂಚಗಂಗೆಯ ಮಾಲಿನ್ಯ ಮುಂಬಯಿ ಉಚ್ಚ ನ್ಯಾಯಾಲಯದವರೆಗೆ ಹೋದ ಪ್ರಶ್ನೆ. ಅದಕ್ಕೆ ಊರುಗಳ ಚರಂಡಿ, ಸಕ್ಕರೆ ಕಾರ್ಖಾನೆಗಳ ಜೊತೆಗೆ ಬಟ್ಟೆ ಸಂಸ್ಕರಿಸುವ ಘಟಕಗಳ ನೀರೂ ಕಾರಣವೆನಿಸಿದೆ. ಮರದಿಂದ ಬಂದ ರೇಯಾನಿಗೂ ತನ್ನದೇ ಲೆಕ್ಕವಿದೆ. ಹರಿಹರದ ಬಳಿಯ ಕುಮಾರಪಟ್ಟಣದಲ್ಲಿ ರೇಯಾನಿನ ತಿರುಳು ತಯಾರಾಗತೊಡಗಿದ ಮೇಲೆ ತುಂಗಭದ್ರೆಯ ನೀರಿನ ಬಗ್ಗೆ ದಡದ ಹಳ್ಳಿಗರು ದನಿಯೆತ್ತಿದರು. ತಿರುಳಿಗೆಂದು ಗೋಮಾಳಗಳಲ್ಲಿ ನೀಲಗಿರಿ ನೆಟ್ಟಾಗ 1987ರಲ್ಲಿ ಕುಸನೂರಿನ ಜನ ಆ ಸಸಿಗಳನ್ನು ಕಿತ್ತು ಜನೋಪಯೋಗಿ ಸಸಿಗಳನ್ನು ನೆಟ್ಟು ಸತ್ಯಾಗ್ರಹ ಮಾಡಿದರು. ‘ಕಿತ್ತಿಕೋ ಹಚ್ಚಿಕೋ’ ಎಂದು ಹೆಸರಾದ ಆ ಹೋರಾಟದ ಮೂಲದಲ್ಲಿ ನಮ್ಮ ನಿಮ್ಮ ಮೈಮೇಲಿನ ಒಂದು ನೂಲಿತ್ತು.

ಬಾವುಟದಿಂದ ಶಾಲಿನವರೆಗೆ

ಈ ತಲೆಮಾರಿನ ಕಣ್ಣೆದುರಿಗೇ ನಡೆದ ಇನ್ನೊಂದು ಸಂಗತಿಯನ್ನು ಇಲ್ಲಿ ದಾಖಲಿಸಬೇಕು. 1957ರಲ್ಲಿ ಸ್ಥಾಪನೆಯಾದ ಹುಬ್ಬಳ್ಳಿ ಬೆಂಗೇರಿಯ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವು ನಿಯಮಬದ್ಧ ಅಳತೆಯ ಖಾದಿ ರಾಷ್ಟ್ರಧ್ವಜಗಳನ್ನು ತಯಾರಿಸಿ ದೇಶಕ್ಕೆಲ್ಲ ಒದಗಿಸಿದ ಸಂಸ್ಥೆ. ಧ್ವಜದ ಖಾದಿಯನ್ನು ನೇಯುವ ಗರಗ, ತುಳಸಿಗೇರಿಗಳು ಕನ್ನಡದ ಹಳ್ಳಿಗಳೇ. ಅಲ್ಲಿ ನೂಲುವವರಲ್ಲಿ, ನೇಯುವವರಲ್ಲಿ ಹೆಂಗಸರೇ ಹೆಚ್ಚು. 2021ರ ಡಿಸೆಂಬರ್ 30ರಂದು ಧ್ವಜ ಸಂಹಿತೆಗೆ ತಿದ್ದುಪಡಿಯಾಗಿ ಯಂತ್ರದಲ್ಲಿ ತಯಾರಾದ, ಪಾಲಿಯೆಸ್ಟರಿನ ಧ್ವಜಗಳಿಗೂ ಅನುಮತಿ ದೊರೆಯಿತು. 2022ರಲ್ಲಿ ಮನೆಮನೆಗೂ ಧ್ವಜ ತಲುಪಲು ಅಗ್ಗದ ಬಟ್ಟೆ ನೆರವಾಯಿತು. ಅದೇ ವರ್ಷ ಬೆಂಗೇರಿಯವರು ತಮ್ಮ ಕೆಲಸದ ಭವಿಷ್ಯಕ್ಕಾಗಿ ಕಳವಳಪಟ್ಟು ಪ್ರತಿಭಟ�ಿಸಿದರು. ಇಲ್ಲಿ ಯಾರ ಮಾತು ಸುಳ್ಳು? ಬಡವನ ಮನೆಯ ಮೇಲೂ ಧ್ವಜ ಹಾರಲಿ ಎಂಬುದೂ ನಿಜ, ನೂಲುವವಳ ಕೂಲಿ ಹೋಗಬಾರದೆಂಬುದೂ ನಿಜ. ನಮ್ಮ ಉಡುಪಿನ ಪ್ರಶ್ನೆಯೂ ಇಂಥದ್ದೇ. ಅಗ್ಗ ಮತ್ತು ಅನುಕೂಲ ಒಂದು ಕಡೆ, ದುಡಿಮೆ ಮತ್ತು ನೆಲಜಲ ಇನ್ನೊಂದು ಕಡೆ.

ಹಾಗಾದರೆ ಮನೆಯಲ್ಲಿ ನಾವು ಏನು ಮಾಡಬೇಕು? ಋತುವಿಗೂ ಕೆಲಸಕ್ಕೂ ತಕ್ಕಂತೆ ಬಟ್ಟೆಯನ್ನು ಹಂಚಿಕೊಳ್ಳುವುದೇ ಮೇಲೆಂದು ನಮಗೆ ತೋರುತ್ತದೆ. ಕೂಸುಗಳಿಗೆ, ಮೈಗೆ ನೇರವಾಗಿ ತಾಗುವ ಒಳಉಡುಪಿಗೆ, ಮಲಗುವ ಹೊತ್ತಿಗೆ, ಅಡಿಗೆಮನೆಗೆ, ಬೇಸಗೆಗೆ ಹತ್ತಿ ಇರಲಿ. ಮಳೆಗಾಲದ ಓಡಾಟಕ್ಕೆ, ಪ್ರಯಾಣಕ್ಕೆ, ಒರಟು ಕೆಲಸಕ್ಕೆ ಮಿಶ್ರ ನೂಲು ಬಂದರೆ ತಪ್ಪಿಲ್ಲ. ಶಾಲೆಯ ಸಮವಸ್ತ್ರ ನಿಶ್ಚಯಿಸುವ ಸಮಿತಿಗಳಲ್ಲಿ ನಮ್ಮವರಿದ್ದರೆ, ಹತ್ತಿಯ ಪಾಲು ಹೆಚ್ಚಿರುವ ಬಟ್ಟೆಯನ್ನು ಕೇಳಲಿ. ಬೆಂಚಿನ ಮೇಲೆ ಆರು ಗಂಟೆ ಕೂರುವ ಮಗುವಿನ ಬೆನ್ನು ಅದನ್ನು ಬೇಡುತ್ತದೆ. ಕೃತಕ ನೂಲಿನ ಬಟ್ಟೆ ಕೊಂಡರೆ ಅದು ಬಾಳುವಷ್ಟು ವರ್ಷವೂ ಅದನ್ನು ಉಡೋಣ; ಬಾಳಿಕೆಯೇ ಅದರ ಗುಣವಾಗಿರುವಾಗ ಆರು ತಿಂಗಳಿಗೆ ಬಿಸಾಡುವುದು ಯಾವ ಲೆಕ್ಕಕ್ಕೂ ಕೂಡದು. ಎಲ್ಲಕ್ಕಿಂತ ಮೊದಲು, ಮನೆಗೆ ಹತ್ತಿ ಮರಳಿ ಬರಬೇಕೆಂದು ಬಯಸುವ ಗಂಡಸರು, ಗಂಡುಮಕ್ಕಳು ಒಗೆತದಲ್ಲಿ, ಒಣಹಾಕುವುದರಲ್ಲಿ, ಇಸ್ತ್ರಿಯಲ್ಲಿ ತಮ್ಮ ಪಾಲನ್ನು ಹೊರಲಿ. ಒಗೆಯುವ ಯಂತ್ರ ಬಂದ ಮನೆಗಳಲ್ಲಂತೂ ಇದಕ್ಕೆ ನೆಪವೇ ಇಲ್ಲ.

ಸಂಘವಾಗಿ ನಾವು ಮಾಡಬಹುದಾದ ಕೆಲಸವೊಂದಿದೆ. ಪ್ರತಿ ಸಮ್ಮೇಳನದಲ್ಲಿ ಹಿರಿಯರಿಗೆ, ಸಾಹಿತಿಗಳಿಗೆ ಶಾಲು ಹೊದಿಸಿ ಸನ್ಮಾನಿಸುತ್ತೇವೆ. ಮಿರುಗುವ ಆ ಕೃತಕ ನೂಲಿನ ಶಾಲು ಚಳಿಗೂ ಒದಗುವುದಿಲ್ಲ, ಬೆವರಿಗೂ ಒದಗುವುದಿಲ್ಲ. ಸನ್ಮಾನಿತರ ಕಪಾಟಿನಲ್ಲಿ ಒಂದರ ಮೇಲೊಂದು ಬಿದ್ದಿರುತ್ತದೆ. ಅದರ ಬದಲು ಇಚಲಕರಂಜಿಯಲ್ಲೇ ನೇಯ್ದ ಒಂದು ಒಳ್ಳೆಯ ಧೋತರ, ಗುಳೇದಗುಡ್ಡದ ಖಣ, ಬನಹಟ್ಟಿ ಕಡೆಯ ಹತ್ತಿಯ ಸೀರೆ, ಇಲ್ಲವೇ ನಮ್ಮ ಸೀಮೆಯ ಕುರಿಯ ಉಣ್ಣೆಯ ಕಂಬಳಿಯನ್ನು ಕೊಟ್ಟರೆ ಪಡೆದವರು ಅದನ್ನು ಉಡುತ್ತಾರೆ, ಹೊದೆಯುತ್ತಾರೆ. ನೇಯ್ದವರ ಮನೆಗೂ ನಾಲ್ಕು ಕಾಸು ಸೇರುತ್ತದೆ. ಕಾರ್ಯಕಾರಿ ಸಮಿತಿಯವರು ಮುಂದಿನ ಸಮ್ಮೇಳನದ ಸಿದ್ಧತೆಯ ಹೊತ್ತಿಗೆ ಈ ಸೂಚನೆಯನ್ನು ಪರಿಶೀಲಿಸಬೇಕೆಂದು ಕೋರುತ್ತೇವೆ.